ಎಡಗಡೆಯ ಹಿಡಿಕೆ

ನಾನು ಒಂದು ಶಟರ್. ಮೈಯೆಲ್ಲ ತಗಡು, ಬಾಯಿ ತೆರೆದರೆ ಗಡಗಡ. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಸುತ್ತಿಗೆ ಏಟು ತಿಂದು ಹುಟ್ಟಿದವನಿಗೆ ಮೆಲ್ಲಗೆ ಮಾತಾಡಲು ಹೇಗೆ ಬಂದೀತು? ಹಸಿರು ಬಣ್ಣ ಬಳಿದು, ಕಾಳಿನ ಪೇಟೆಯ ಹತ್ತಿರದ ಒಂದು ಖಾನಾವಳಿಗೆ ನನ್ನನ್ನು ಕೂಡಿಸಿದರು.

ಖಾನಾವಳಿ ಅಣ್ಣತಮ್ಮಂದಿರದು. ಅಣ್ಣ ಗುರುಪಾದಪ್ಪ, ತಮ್ಮ ಅಡಿವೆಪ್ಪ. ಒಬ್ಬರ ಕೈಗೆ ಬಗ್ಗುವ ಆಳು ನಾನಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಹೊಸ್ತಿಲು ಮುಟ್ಟಿ ನಮಸ್ಕರಿಸಿ, ಎಡಗಡೆಯ ಹಿಡಿಕೆಗೆ ಅಣ್ಣ, ಬಲಗಡೆಯದಕ್ಕೆ ತಮ್ಮ ಕೈಹಾಕಿ, "ಹೂಂ" ಎಂದು ಒಟ್ಟಿಗೆ ಎತ್ತುತ್ತಿದ್ದರು. ಎಂದೂ ಜಾಗ ಅದಲುಬದಲಾಗಲಿಲ್ಲ. ಪೇಟೆಯ ಹಮಾಲರು ಬಂದು ಕೂತರೆಂದರೆ ರೊಟ್ಟಿ ಬಡಿಯುವ ಕಾಳವ್ವನಿಗೆ ಬೆವರು ಒರೆಸಲೂ ಪುರಸೊತ್ತಿರಲಿಲ್ಲ.

ಆಮೇಲೆ ಆ ಹಾಳು ರೋಗ ಬಂತು. ಊರೆಲ್ಲ ಬಂದ್, ನನಗೂ ಬೀಗ. ಕೆಲವು ವಾರ ಕಳೆದ ಮೇಲೆ ಇಬ್ಬರೂ ನನ್ನ ಮುಂದೆಯೇ ಜಗಳಕ್ಕೆ ನಿಂತರು.

"ಮೂಗಿಗೆ ಅರಿವಿ ಕಟಗೊಂಡ ಬಂದಾವ ಊಟ ಹೆಂಗ ಮಾಡ್ತಾನೋ? ಸುಮ್ಮನ ಬಂದ್ ಇಡು. ಜೀವ ಇದ್ದರ ಊಟ!" ಎಂದ ಅಣ್ಣ.

"ಊಟ ಇದ್ದರ ಜೀವ, ಅಣ್ಣಾ. ಕಾಳವ್ವನ ಮನ್ಯಾಗ ಒಲಿ ಹತ್ತಿಲ್ಲ, ಗೊತ್ತೈತೇನು?"

ಅಣ್ಣ ಕೆಳಗೆ ಎಳೆದ, ತಮ್ಮ ಮೇಲೆ ನೂಕಿದ. ಕೊನೆಗೆ ಅಡಿವೆಪ್ಪ ನನ್ನನ್ನು ಸೊಂಟದೆತ್ತರಕ್ಕೆ ನಿಲ್ಲಿಸಿ ಕೋಲು ಆನಿಸಿದ. ಹಮಾಲರು ಬಗ್ಗಿ ಒಳಗೆ ನುಸುಳಿ ಉಂಡರು. ಓಣಿಯೂ ಎರಡು ಪಕ್ಷವಾಯಿತು. ಮುಚ್ಚು ಎಂದವನು ಪುಕ್ಕಲ, ತೆರೆ ಎಂದವನು ಕೊಲೆಗಡುಕ.

"ಇನ್ನ ನಿನ್ನ ಮಾರಿ ನೋಡಾಂಗಿಲ್ಲ," ಎಂದು ಗುರುಪಾದಪ್ಪ ಹೊರಟುಹೋದ.

ಸ್ವಲ್ಪ ದಿನಕ್ಕೇ ಅಡಿವೆಪ್ಪನಿಗೆ ಜ್ವರ ಏರಿತು. ಸುದ್ದಿ ಕೇಳಿ ಓಡಿಬಂದು ಅವನನ್ನು ಆಸ್ಪತ್ರೆಗೆ ಸೇರಿಸಿದವನು ಅದೇ ಅಣ್ಣ. ಮರುದಿನ ಹಸಿದ ಹಮಾಲರು ಮುಚ್ಚಿದ ನನ್ನ ಮುಂದೆ ಸುಮ್ಮನೆ ಕೂತಿದ್ದರು. ಗುರುಪಾದಪ್ಪ ಮಾಸ್ಕ್ ಕಟ್ಟಿಕೊಂಡು ಬಂದ, ಅವರನ್ನು ನೋಡಿದ. ಎಡಗಡೆಯ ಹಿಡಿಕೆ ಹಿಡಿದು ಏದುಸಿರು ಬಿಡುತ್ತ ಒಬ್ಬನೇ ಎತ್ತಿದ. ನಾನು ಅವನ ಸೊಂಟದವರೆಗೆ ಎದ್ದೆ.

"ದೂರದೂರ ಕೂಡ್ರಿ, ಹೊಟ್ಟಿತುಂಬ ಉಣ್ರಿ. ನನ್ನ ತಮ್ಮಗ ಮಾತ್ರ ಹೇಳಬ್ಯಾಡ್ರಿ, ನಗತಾನ."

ತಮ್ಮ ಗುಣವಾಗಿ ಬಂದಾಗ ನಗಲಿಲ್ಲ. ಅಷ್ಟರಲ್ಲಿ ಅಣ್ಣ ತೀರಿಕೊಂಡಿದ್ದ. ಹೆಣವನ್ನೂ ಮನೆಗೆ ತರಗೊಡಲಿಲ್ಲ. ರೋಗ ಹಮಾಲರಿಂದ ಬಂತೋ, ತಮ್ಮನನ್ನು ಹೊತ್ತೊಯ್ಯುವಾಗ ಅಂಟಿತೋ, ಯಾರಿಗೆ ಗೊತ್ತು? ಹಮಾಲರ ಬಾಯಿಂದ ಎಲ್ಲ ಕೇಳಿ ಅಡಿವೆಪ್ಪ ನನಗೇ ಹಣೆ ಚಚ್ಚಿಕೊಂಡು ಅತ್ತ.

"ನಿನಗ ಯಾರ ತೆಗಿ ಅಂದಿದ್ದರು, ಅಣ್ಣಾ? ಬಂದ್ ಇಡು ಅಂತಿದ್ದಿಯಲ್ಲೋ!"

ಅಯ್ಯೋ, ಆ ದಿನ ನಾನು ಮೊಂಡು ಹಿಡಿದು ಏಳದೇ ಇರಬಾರದಿತ್ತೇ? ಆದರೆ ಹಮಾಲರ ಹಸಿವನ್ನೂ ಕಂಡಿದ್ದೆನಲ್ಲ.

ಮುಂದೆ ಊರು ಮಾಸ್ಕ್ ಬಿಸಾಕಿತು. ಖಾನಾವಳಿ ಮತ್ತೆ ತುಂಬಿತು. ಅಡಿವೆಪ್ಪ ದಿನಾ ಬಲಗಡೆಯ ಹಿಡಿಕೆಯನ್ನಷ್ಟೇ ಹಿಡಿದು ಎತ್ತುತ್ತಿದ್ದ. ನಾನು ಸೊಟ್ಟಗೆ ಏಳುತ್ತಿದ್ದೆ, ಸಿಕ್ಕಿಕೊಳ್ಳುತ್ತಿದ್ದೆ, ಕಡೆಗೆ ನನ್ನ ತಗಡೇ ಹರಿಯಿತು.

"ಎಡಗಡೀನೂ ಹಿಡೀಬೇಕ್ರಿ ಸಾವಕಾರ್ರ," ಎಂದ ರಿಪೇರಿಯವನು.

"ಅದು ಅಣ್ಣಂದು," ಎಂದ ಅಡಿವೆಪ್ಪ.

ಈಗ ಗುಜರಿಯಲ್ಲಿ ಬಿದ್ದಿದ್ದೇನೆ. ಖಾನಾವಳಿಗೆ ಗುಂಡಿ ಒತ್ತಿದರೆ ಏಳುವ ಹೊಸ ಶಟರ್ ಬಂದಿದೆಯಂತೆ. ಯಾರದು ಸರಿಯಿತ್ತು ಎಂದು ನನ್ನನ್ನು ಕೇಳಬೇಡಿ, ನಾನು ತಗಡು. ಬಯ್ದಾಡಿಕೊಂಡೇ ಬರಲಿ, ಇಬ್ಬರೂ ಎರಡು ಕಡೆ ಕೈಹಾಕಿ ಇನ್ನೊಮ್ಮೆ "ಹೂಂ" ಎಂದರೆ, ಈ ತುಕ್ಕಿನಲ್ಲೂ ಎದ್ದೇನು.