ಮೂರನೆಯ ಕಾಯಿಲ್

ರಿಝ್ವಾನನ ಕಾರಿನಲ್ಲಿ ಇಂಜಿನ್ನಿನ ಎಚ್ಚರಿಕೆಯ ದೀಪ ಉರಿಯತೊಡಗಿದ ಮೇಲೆ ಅವನ ತಾಯಿ ಅವ್ವಮ್ಮನಿಗೆ ಹಿಂದಿನ ಸೀಟಿನಲ್ಲಿ ನೆಮ್ಮದಿಯೇ ಇಲ್ಲ. "ಅದು ಸುಮ್ಮನೆ ಉರಿಯುವುದಿಲ್ಲ ಮಗಾ, ಯಾರಿಗಾದರೂ ತೋರಿಸು" ಎಂದು ದಾರಿಯುದ್ದಕ್ಕೂ ಕೊರೆಯುತ್ತಿದ್ದರು. ದುಬೈಯಲ್ಲಿ ದೊಡ್ಡ ದೊಡ್ಡ ಗಾಡಿ ಓಡಿಸಿ ಬಂದವನಿಗೆ ಸೆಕೆಂಡ್ ಹ್ಯಾಂಡ್ ಕಾರಿನ ಒಂದು ದೀಪ ಯಾವ ಲೆಕ್ಕ! ಕಾರು ಏರಿನಲ್ಲಿ ಜಗ್ಗತೊಡಗಿ, ಪೆಟ್ರೋಲು ನೀರಿನಂತೆ ಖರ್ಚಾದಾಗಷ್ಟೇ ತೋಡಾರಿನ ಹುಕ್ರಪ್ಪನ ಗ್ಯಾರೇಜಿಗೆ ತಂದ.

ಹುಕ್ರಪ್ಪ ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಪೆಟ್ರೋಲಿಗೆ ಕಿಡಿ ಕೊಡುವ ಕಾಯಿಲ್‌ಗಳ ವಯರನ್ನು ಒಂದೊಂದಾಗಿ ಎಳೆದು ಮತ್ತೆ ಸಿಕ್ಕಿಸಿದ. ಎಳೆದಾಗಲೆಲ್ಲ ಇಂಜಿನ್ ಮುಗ್ಗರಿಸಿತು. ಮೂರನೆಯದನ್ನು ಎಳೆದಾಗ ಮಾತ್ರ ಸದ್ದು ಸ್ವಲ್ಪವೂ ಬದಲಾಗಲಿಲ್ಲ.

"ಇದು ಸತ್ತಿದೆ ಮಾರಾಯ. ಇಲ್ಲಿ ಪೆಟ್ರೋಲು ಉರಿಯದೆ ಹಾಗೇ ಸೈಲೆನ್ಸರಿಗೆ ಹೋಗ್ತಾ ಉಂಟು. ಕೆಳಗೆ ಹೊಗೆ ಶುದ್ಧ ಮಾಡುವ ಡಬ್ಬ ಉಂಟಲ್ಲ, ಅದರೊಳಗೆ ಉರಿಯುತ್ತದೆ. ಡಬ್ಬ ಕೆಂಡದ ಹಾಗೆ ಕೆಂಪಾಗ್ತದೆ. ಕಾಯಿಲ್ ಮಂಗಳೂರಿಂದ ತರಿಸ್ತೇನೆ, ಎರಡು ದಿನ ಕಾರು ಇಲ್ಲೇ ಇರಲಿ."

"ನಾಳೆ ಬೆಳ್ತಂಗಡಿಯಲ್ಲಿ ನಮ್ಮ ಶಿಫಾನಾನ ಮದುವೆ, ಹುಕ್ರಪ್ಪಣ್ಣ."

"ಬಾಡಿಗೆ ಕಾರಲ್ಲಿ ಹೋಗಿ. ಇದನ್ನು ತೆಗೊಂಡು ಹೋಗ್ಬೇಡಿ, ಬೆಂಕಿ ಹಿಡಿದೀತು."

ಗಲ್ಫಿನವನು ತಂಗಿಯ ಮಗಳ ಮದುವೆಗೆ ಬಾಡಿಗೆ ಕಾರಿನಿಂದ ಇಳಿಯುವುದೇ? ನೆಂಟರು ನಕ್ಕಾರು ಎಂಬ ಹೆದರಿಕೆಯ ಮುಂದೆ ಬೆಂಕಿಯ ಹೆದರಿಕೆ ಸಣ್ಣದಾಯಿತು. ರಿಝ್ವಾನ್ ಕಾರನ್ನು ಮನೆಗೆ ತಂದು, ದೀಪದ ಮೇಲೆ ಕಪ್ಪು ಟೇಪು ಅಂಟಿಸಿದ. ಬೆಳಿಗ್ಗೆ ಅವ್ವಮ್ಮ ಸೀಟಿನಲ್ಲಿ ಕುಳಿತು, ಬಗ್ಗಿ ನೋಡಿ, "ಸರಿಯಾಯಿತಾ? ಅಲ್‌ಹಮ್ದುಲಿಲ್ಲಾ" ಎಂದರು. ಅವನು ಹೂಂ ಎಂದ. ತಾಯಿಯ ಮುಖ ಅರಳಿದ್ದು ಕಂಡು ಅವನಿಗೆ ಖುಷಿಯೂ ಆಯಿತು, ಪಾಪಿಗೆ.

ಮದುವೆಮನೆಯ ಪಕ್ಕದಲ್ಲಿ ಸುಗ್ಗಿ ಕೊಯ್ಲು ಮುಗಿದ ಗದ್ದೆಯನ್ನೇ ಕಾರು ನಿಲ್ಲಿಸಲು ಬಿಟ್ಟಿದ್ದರು. ಒಣಹುಲ್ಲು ಹಾಗೇ ಬಿದ್ದಿತ್ತು. ಮೊಣಕಾಲು ನೋವಿನ ಅವ್ವಮ್ಮನಿಗೆ ಗದ್ದೆಯ ಅಂಚು ಹತ್ತಿ ಚಪ್ಪರದವರೆಗೆ ನಡೆಯಲು ಆಗದು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುವ ಎಂದುಕೊಂಡ ರಿಝ್ವಾನ್. ಬಿಸಿಲು ಜೋರಿತ್ತು. ತಾಯಿಗೆ ಸೆಕೆಯಾಗದಿರಲೆಂದು ಇಂಜಿನ್ನನ್ನೂ ಎಸಿಯನ್ನೂ ಚಾಲೂ ಇಟ್ಟು ಇಳಿದ.

"ಸುಟ್ಟ ವಾಸನೆ ಬರ್ತಾ ಉಂಟು ಮಗಾ."

"ಅದು ಬಿರಿಯಾನಿಯದ್ದು ಉಮ್ಮ. ಮುಚ್ಚಳದ ಮೇಲೆ ಕೆಂಡ ಹಾಕಿದ್ದಾರೆ, ಅಲ್ಲಿ ನೋಡಿ." ಚಪ್ಪರದ ಹಿಂದೆ ನಿಜವಾಗಿಯೂ ಹೊಗೆ ಏಳುತ್ತಿತ್ತು.

ಚಪ್ಪರದಲ್ಲಿ ಒಬ್ಬರು ಕೈ ಹಿಡಿದರು, ಮತ್ತೊಬ್ಬರು ಕಾರಿನ ಬಗ್ಗೆ ವಿಚಾರಿಸಿದರು. ಅವನು ಮಾತಿಗೆ ನಿಂತ. ಕುರ್ಚಿ ಹಿಡಿದು ತಿರುಗುವಷ್ಟರಲ್ಲಿ ಗದ್ದೆಯ ಕಡೆಯಿಂದ ಬೊಬ್ಬೆ ಕೇಳಿತು. ಕಾರಿನಡಿಯ ಹುಲ್ಲು ಹತ್ತಿಕೊಂಡಿತ್ತು. ಓಡಿದವನು ಬಾಗಿಲು ತೆರೆಯದಾಗ ಗಾಜು ಒಡೆದು, ಕೈ ಸುಟ್ಟುಕೊಂಡು, ತಾಯಿಯನ್ನು ಹೊರಗೆಳೆದ. ಸಂಜೆ ಆಸ್ಪತ್ರೆಯಲ್ಲಿ ಅವ್ವಮ್ಮ ತೀರಿಕೊಂಡರು.

ಆಸ್ಪತ್ರೆಯ ವರಾಂಡದಲ್ಲಿ ಭಾವ ಬಾಸಿತ್ ಕುದಿಯುತ್ತಿದ್ದ. "ನಿನ್ನೆಯಷ್ಟೇ ಗ್ಯಾರೇಜಿಗೆ ಹೋಗಿ ಬಂದ ಕಾರು! ಆ ಹುಕ್ರಪ್ಪನನ್ನು ಬಿಡಬಾರದು. ಈಗಲೇ ಹೋಗುವ."

ನಾಲ್ಕೈದು ಜನ ಎದ್ದೇಬಿಟ್ಟರು. ಸುಮ್ಮನಿದ್ದರೆ ಸಾಕಿತ್ತು, ಎಲ್ಲವೂ ಹುಕ್ರಪ್ಪನ ತಲೆಗೆ ಬೀಳುತ್ತಿತ್ತು. ರಿಝ್ವಾನ್ ಬ್ಯಾಂಡೇಜು ಸುತ್ತಿದ ಕೈಗಳನ್ನು ನೋಡುತ್ತಾ ಹೇಳಿದ, "ಅವರು ಕಾರು ತೆಗೊಂಡು ಹೋಗ್ಬೇಡಿ ಅಂದಿದ್ದರು. ಬೆಂಕಿ ಹಿಡಿದೀತು ಅಂತಲೂ ಹೇಳಿದ್ದರು."

ಎದ್ದವರು ಮತ್ತೆ ಕುಳಿತರು. ಅಕ್ಕ ಶಾಹಿದಾ ಅಳು ನಿಲ್ಲಿಸಿ ಅವನ ಮುಂದೆ ಬಂದು ನಿಂತಳು.

"ಉಮ್ಮನಿಗೆ ಹೇಳಿದ್ದೆಯಾ?"

"ಇಲ್ಲ."

"ಯಾಕೆ?"

"ಹೇಳಿದ್ದರೆ ಉಮ್ಮ ಹತ್ತುತ್ತಿರಲಿಲ್ಲ."