ಎಡ ಮಂಡಿ

ಈ ಕೆಂಪು ಕಣ್ಣಿಗೆ ಚುಚ್ಚುತ್ತದೆ, ಪಕ್ಕದ ಹಸಿರೂ ಅಷ್ಟೇ, ಗಿರಣಿಯ ಬಟ್ಟೆ, ಮುಟ್ಟಿದರೆ ನುಣುಪು, ಎಳೆದರೆ ಜಾರುತ್ತದೆ, ಜಾರುವ ಬಟ್ಟೆಯಲ್ಲಿ ಗಂಟು ನಿಲ್ಲುವುದಿಲ್ಲ, ಗಂಟು ನಿಲ್ಲದಿದ್ದರೆ ಸಿಸಾ ನಿಲ್ಲುವುದಿಲ್ಲ — ಮೂರೇ ತಿಂಗಳ ಕೂಸು, ಸೋಮವಾರದಿಂದ ನಾನು ಮತ್ತೆ ಒರುರೊ ಊರಿನ ಬಸ್ ನಿಲ್ದಾಣದಲ್ಲಿ ಬೇಯಿಸಿದ ಜೋಳದ ತೆನೆ ಮಾರಬೇಕು, ಬೆಳಗಿನಿಂದ ಸಂಜೆಯವರೆಗೆ ಅವಳು ಈ ಬಟ್ಟೆಯಲ್ಲಿ ನನ್ನ ಬೆನ್ನಲ್ಲೇ ಇರಬೇಕು. ಒಂದು ಬಟ್ಟೆ ಆರಿಸೋಕೆ ಇಷ್ಟು ಹೊತ್ತೇನೇ ಕಸಿಮಿರಾ, ನನ್ನ ಮಗನ್ನ ಆರಿಸುವಾಗ ಇಷ್ಟು ಯೋಚನೆ ಮಾಡಿದ್ಯಾ, ಹಿಂದಿನಿಂದ ಅತ್ತೆ, ಹರ್ಮೀನಿಯಾ ಅತ್ತೆ, ಮಗುವನ್ನು ಎತ್ತಿಕೊಂಡು ನಿಂತಿದ್ದಾರೆ, ಅಂಗಡಿಯ ಬಾಸಿಲಿಯಾ ಟೋಪಿ ಅಲುಗುವ ಹಾಗೆ ನಗುತ್ತಾಳೆ, ನಾನೂ ನಗುತ್ತೇನೆ, ನಕ್ಕರೂ ಕಿವಿಯಲ್ಲಿ ಅದೇ ಸದ್ದು — ಟಕ್. ಮಂಗಳವಾರ ಆರೋಗ್ಯ ಕೇಂದ್ರದ ನರ್ಸ್ ಸಿಸಾಳ ಎಡಗಾಲನ್ನು ಮಡಿಸಿ ಹೊರಗೆ ಸರಿಸಿದಾಗ ಸೊಂಟದ ಕೀಲಿನಿಂದ ಬಂದದ್ದು, ಹುರಿದ ಜೋಳದ ಕಾಳು ಹಲ್ಲಿಗೆ ಸಿಕ್ಕಷ್ಟೇ ಸಣ್ಣ ಸದ್ದು. ಕೀಲು ಸಡಿಲ ಇದೆಯಮ್ಮ, ಕಾಲು ಜೋಡಿಸಿ ಕಟ್ಟಲೇಬೇಡಿ, ಕಪ್ಪೆ ಥರ ಅಗಲ ಇರ್ಲಿ, ಬೆನ್ನಿಗೆ ಹಾಕ್ಕೊಂಡ್ರೂ ಅಷ್ಟೇ, ಬಟ್ಟೆ ಈ ಮಂಡಿಯಿಂದ ಆ ಮಂಡಿವರೆಗೂ ಬರ್ಬೇಕು, ಕುಂಡಿ ಕೆಳಗೆ, ಮಂಡಿ ಮೇಲೆ, ಮುಂದಿನ ತಿಂಗಳು ದೊಡ್ಡಾಸ್ಪತ್ರೆ ಡಾಕ್ಟ್ರು ನೋಡ್ತಾರೆ, ಕೀಲು ಕೂತ್ಕೊಳ್ಳಲಿಲ್ಲ ಅಂದ್ರೆ ಮುಂದೆ ಪ್ಲಾಸ್ಟರ್ ಹಾಕ್ಬೇಕಾಗ್ಬಹುದು. ಆಮೇಲೆ ನಾನು ಎದ್ದು ಬಾಗಿಲ ಕಡೆ ನಡೆದೆ, ನರ್ಸ್ ನನ್ನ ನಡಿಗೆಯನ್ನು ನೋಡಿದಳು, ನೀವು ಮೊದಲಿಂದ್ಲೂ ಹೀಗೇ ಕುಂಟೋದಾ, ಎಂದಳು, ಮೆಲ್ಲಗೆ, ಕೂಸಾಗಿದ್ದಾಗ ನಿಮ್ಮನ್ನೂ ಪಟ್ಟಿಯಲ್ಲಿ ಬಿಗಿಯಾಗಿ ಸುತ್ತುತ್ತಿದ್ರಾ.

ಸುತ್ತುತ್ತಿದ್ದರು, ಯಾಕೆ ಸುತ್ತುವುದಿಲ್ಲ, ನಮ್ಮೂರಲ್ಲಿ ಅಮ್ಮನಷ್ಟು ಚೆನ್ನಾಗಿ ಕೂಸು ಸುತ್ತುವವರು ಬೇರೆ ಯಾರಿದ್ದರು, ಅಕ್ಕಪಕ್ಕದವರು ತಮ್ಮ ಕೂಸುಗಳನ್ನೂ ತಂದು ಅವಳ ಮುಂದೆ ಮಲಗಿಸುತ್ತಿದ್ದರು, ನನ್ನ ತಮ್ಮ ಹುಟ್ಟಿದಾಗ ಕಣ್ಣಾರೆ ನೋಡಿದ್ದೇನೆ — ಕುರಿಚರ್ಮದ ಮೇಲೆ ಕೂಸು, ಅಮ್ಮನ ಒಂದು ಅಂಗೈ ಎರಡೂ ಮಂಡಿಗಳನ್ನು ಜೋಡಿಸಿ ಒತ್ತಿ ಹಿಡಿಯುತ್ತದೆ, ಇನ್ನೊಂದು ಕೈ ಪಟ್ಟಿ ಸುತ್ತುತ್ತದೆ, ಕಾಲ್ಬೆರಳಿನಿಂದ ಹೆಗಲಿನವರೆಗೆ, ನೆಟ್ಟಗೆ ಬೆಳೀಲಿ, ಹೊರೆ ಹೊರೋ ಕಾಲು ಗಟ್ಟಿ ಆಗ್ಲಿ, ಎಂದು ಗುನುಗುತ್ತಾ. ಆ ಅಂಗೈ. ತಮ್ಮನ ಕಾಲಿಗೆ ಏನೂ ಆಗಲಿಲ್ಲ, ಚೆಂಡು ಒದ್ದು ಒದ್ದು ಊರಿನ ಗೋಡೆಗಳನ್ನೆಲ್ಲ ಕೆಡಿಸಿದ, ನನ್ನದು ಮಾತ್ರ ಹೀಗಾಯಿತು, ಹುಟ್ಟಿದ ಗಳಿಗೆ ಸರಿಯಿಲ್ಲ ಎಂದರು, ಬಸುರಿಯಾಗಿದ್ದಾಗ ತಾಯಿ ಮಿಂಚು ನೋಡಿದ್ದಾಳೆ ಎಂದರು. ಐದರಿಂದ ಎಂಟು ವರ್ಷದವರೆಗೆ ಅಮ್ಮ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ಹೊತ್ತಳು, ಕತ್ತೆ ವಯಸ್ಸಾದ್ರೂ ಕೂಸು ನೋಡ್ರೋ ಎಂದು ಹುಡುಗರು ಕೂಗುತ್ತಿದ್ದರು, ನನ್ನ ಕಾಲುಗಳು ಅವಳ ಸೊಂಟದ ಎರಡೂ ಬದಿಗೆ, ಇಳಿಜಾರಿನಲ್ಲಿ ಅವಳ ಎಡಗೈ ಹಿಂದೆ ಬಂದು ನನ್ನ ಎಡ ಮಂಡಿಯನ್ನು ಹಿಡಿದುಕೊಳ್ಳುತ್ತಿತ್ತು, ಬೀಳಬಾರದೆಂದೇನೋ, ಯಾವಾಗಲೂ ಎಡದ್ದೇ — ನರ್ಸ್ ಹೇಳಿದ್ದನ್ನು ಈಗ ಯಾರಿಗೆ ಹೇಳಲಿ, ಅಮ್ಮ ತೀರಿಕೊಂಡು ಆರು ವರ್ಷ, ಇದ್ದಿದ್ದರೂ ಏನೆಂದು ಹೇಳುತ್ತಿದ್ದೆ, ನಿನ್ನ ಕೈಯೇ ನನ್ನ ಕಾಲು ಕೆಡಿಸಿತು ಎಂದೇ, ಸಿಟ್ಟು ಬರುತ್ತದೆ, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ.

ಇದು ನೋಡಿ ಕಸೆರಿತಾ, ದೊಡ್ಡ ಪಟ್ಟಣದ್ದು, ಬಕಲ್ ಹಾಕಿದ್ರೆ ಮುಗೀತು, ಗಿರಾಕಿಗಳನ್ನೆಲ್ಲ ಕಸೆರಿತಾ ಎನ್ನುವ ಬಾಸಿಲಿಯಾ ಡಬ್ಬಿಯಿಂದ ಮಗು ಹೊರುವ ಕಪ್ಪು ಚೀಲವೊಂದನ್ನು ತೆಗೆಯುತ್ತಾಳೆ, ಹೆಗಲಿಗೆ ಮೆತ್ತೆ ಇದೆ, ಹಿತವಾಗಿಯೇ ಇದೆ, ಆದರೆ ಮಗು ಕೂರುವ ಜಾಗ ನಾಲ್ಕು ಬೆರಳು ಅಗಲ, ಕಾಲು ಜೋತಾಡುತ್ತದೆ, ಬೇಡ. ಹೊಸ ಉಣ್ಣೆಯದು ದಪ್ಪ, ಗಂಟು ಮುಷ್ಟಿಯಷ್ಟಾಗಿ ಎದೆಯನ್ನು ಒತ್ತುತ್ತದೆ, ಬೇಡ. ಎಲ್ಲಕ್ಕಿಂತ ಅಡಿಯಲ್ಲಿ ಹಳೆಯದೊಂದು, ಯಾರೋ ಹೊತ್ತು ಹೊತ್ತು ಮೆತ್ತಗಾದದ್ದು, ಮಧ್ಯದ ಹೊಲಿಗೆ ಗಟ್ಟಿ, ಗಂಟು ಹಾಕಿ ಜಗ್ಗಿದೆ, ಕದಲಲಿಲ್ಲ, ಇದೇ. ಅದ್ರಲ್ಲಿ ಆಲೂಗಡ್ಡೆ ಹೊತ್ತಿದ್ರೇನೋ, ಮೂಸಿ ನೋಡು, ಅತ್ತೆ ಮೂಗು ಮುರಿಯುತ್ತಾರೆ, ಹೋಗ್ಲಿ ಬಿಡು, ಯಾವ್ದಾದ್ರೂ ತಗೋ, ಒಳಗೆ ಹೇಗೂ ಇದಿರುತ್ತಲ್ಲ — ಶಾಲಿನ ಮರೆಯಿಂದ ಕೂಸು ಸುತ್ತುವ ಪಟ್ಟಿ ತೆಗೆಯುತ್ತಾರೆ, ಅವರೇ ನೇಯ್ದದ್ದು, ನಾನು ಆರು ತಿಂಗಳ ಬಸುರಿಯಾದಾಗಿನಿಂದ ಮಗ್ಗ ಬಿಟ್ಟು ಏಳದೆ, ಕಣ್ಣು ಮಂಜಾದರೂ, ಉದ್ದಕ್ಕೂ ಬಾತುಕೋಳಿಗಳು, ಒಂದು ಬಾತುಕೋಳಿಗೆ ಎಳೆ ತಪ್ಪಿ ಮೂರು ಕಾಲು. ಇಂಥದ್ದನ್ನು ಬೇಡ ಅನ್ನುವುದು ಹೇಗೆ, ಮಂಗಳವಾರದಿಂದ ಮಗುವಿಗೆ ಸೆಕೆಯಾಗುತ್ತದೆ ಎಂದು ಸುಳ್ಳು ಹೇಳಿ ತಪ್ಪಿಸಿದ್ದೇನೆ, ಈ ಚಳಿಗಾಳಿಯಲ್ಲಿ ಸೆಕೆಯಂತೆ. ಅತ್ತೆ ಬಟ್ಟೆಮೂಟೆಯ ಮೇಲೆ ಸಿಸಾಳನ್ನು ಮಲಗಿಸುತ್ತಾರೆ, ಅಂಗೈ ಎರಡೂ ಮಂಡಿಗಳ ಮೇಲೆ ಬರುತ್ತದೆ, ಜೋಡಿಸುತ್ತದೆ, ಒತ್ತುತ್ತದೆ — ಆ ಅಂಗೈ — ಕಟ್ಟಬೇಡಿ ಅತ್ತೆ! ಇದು ನನ್ನದೇ ದನಿ, ಅಂಗಡಿಸಾಲು ತಿರುಗಿ ನೋಡುವಷ್ಟು ಜೋರು. ನರ್ಸಮ್ಮ ಕಟ್ಟಬೇಡಿ ಅಂದಿದಾರೆ, ಕೀಲು ಸಡಿಲ ಇದೆಯಂತೆ. ಆ ನಿನ್ನೆ ಮೊನ್ನೆ ಹುಡುಗಿಗೇನು ಗೊತ್ತೇ, ಐದು ಮಕ್ಕಳನ್ನ ಕಟ್ಟಿ ಬೆಳೆಸಿದೀನಿ, ಐದೂ ನೆಟ್ಟಗಿವೆ, ಎನ್ನುತ್ತಾರೆ ಅತ್ತೆ. ನನ್ನನ್ನೂ ಕಟ್ಟಿದ್ರು ಅತ್ತೆ, ನಮ್ಮಮ್ಮ ಎಲ್ರಿಗಿಂತ ಚೆನ್ನಾಗಿ ಕಟ್ತಿದ್ಳು, ನೋಡಿ — ಎಂದು ನಡೆದೆ, ಸೊಪ್ಪಿನ ಗಾಡಿಯವರೆಗೆ ಹೋಗಿ ವಾಪಸ್ಸು ಬಂದೆ, ಇಷ್ಟು ವರ್ಷ ಲಂಗದ ನಿರಿಗೆಗಳಲ್ಲಿ ಮುಚ್ಚಿಟ್ಟ ಕುಂಟನ್ನು ಮುಚ್ಚದೆ ನಡೆದೆ. ಯಾರೂ ನಗಲಿಲ್ಲ. ಅತ್ತೆಯ ಕೈ ಮಂಡಿಗಳನ್ನು ಬಿಟ್ಟಿತ್ತು.

ಅತ್ತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಆಮೇಲೆ ನನ್ನ ಸೊಂಟ ಹಿಡಿದು ತಿರುಗಿಸುತ್ತಾರೆ, ನಿಂತ್ಕೋ ನೆಟ್ಟಗೆ, ದಿನಾ ಹೊರೋಳು ನೀನು, ನಿನ್ನ ಸೊಂಟ ಬಿದ್ದೋದ್ರೆ ಜೋಳ ಮಾರೋಕೆ ನಾನು ಹೋಗ್ಲಾ — ಪಟ್ಟಿ ನನ್ನ ಸೊಂಟಕ್ಕೆ ಒಂದು ಸುತ್ತು, ಎರಡು, ಮೂರು, ಬಾತುಕೋಳಿಗಳೆಲ್ಲ ನನ್ನ ಹೊಟ್ಟೆಯ ಮೇಲೆ, ಉಸಿರು ಕಟ್ಟುವ ಹಾಗೆ ಜಗ್ಗುತ್ತಾರೆ, ಅಳು ಬರುತ್ತಿದೆ, ಬರಲಿ. ಬಾಗು, ಎನ್ನುತ್ತಾರೆ. ಬಾಗಿದೆ, ಸಿಸಾ ಬೆನ್ನಿಗೆ ಬಂದಳು, ಎಡಗಡೆ ಒಂದು ಮಂಡಿ, ಬಲಗಡೆ ಒಂದು, ಮಂಡಿಯಿಂದ ಮಂಡಿಗೆ ಬಟ್ಟೆ, ಬಾಸಿಲಿಯಾ ಅಂಚು ಮಡಿಸಿ, ಮುಖ ಕಾಣ್ತಿದೆ, ಉಸಿರಾಡ್ತಿದೆ, ಹೊರಡಿ, ಎನ್ನುತ್ತಾಳೆ, ಎದೆಯ ಮೇಲೆ ಗಂಟು, ನಡೆದೆ, ನಾನು ಕುಂಟುವಾಗ ಅವಳೂ ನನ್ನ ಜೊತೆ ವಾಲುತ್ತಾಳೆ, ಸಂತೆ ಮುಗಿದು ಇಳಿಜಾರು ಶುರುವಾಗಿದೆ, ಮತ್ತು ನನ್ನ ಎಡಗೈ, ಯಾರೂ ಹೇಳದೆ, ಹಿಂದೆ ಹೋಗಿ ಅವಳ ಎಡ ಮಂಡಿಯನ್ನು ಹಿಡಿದುಕೊಂಡಿದೆ. ಬೀಳುತ್ತಾಳೆಂದಲ್ಲ, ಗಂಟು ಗಟ್ಟಿಯಾಗಿದೆ. ಅಮ್ಮನ ಗಂಟೂ ಗಟ್ಟಿಯಾಗಿಯೇ ಇತ್ತು. ಮೂರು ವರ್ಷ, ಹೋಗುವಾಗ, ಬರುವಾಗ, ಎಡದ್ದೇ. ಗೊತ್ತಿತ್ತು ಅವಳಿಗೆ, ಯಾವ ಕಾಲು ಕೆಟ್ಟದ್ದು, ಯಾರ ಕೈಯಿಂದ. ಗೊತ್ತಿತ್ತು. ಆ ಅಂಗೈ, ಈ ಮಂಡಿ, ಆ ಅಂಗೈ —