ಮೇಸ್ತ್ರಿ ವಾಪಸ್ ಕೇಳಿದ ಕರಣೆ

ನಾನೊಂದು ಕರಣೆ. ಗೋಡೆಗೆ ಗಾರೆ ಮೆತ್ತುವುದು ನನ್ನ ಕೆಲಸ, ಸುತ್ತಲಿನವರ ಮಾತು ಕೇಳಿಸಿಕೊಳ್ಳುವುದು ನನ್ನ ಚಟ. ತಿಪಟೂರಿನ ಒಂದು ಕುಲುಮೆಯಲ್ಲಿ ಕಬ್ಬಿಣ ಕಾಸಿ, ಬಡಿದು ನನ್ನನ್ನು ಮಾಡಿದರು. ಹಲಸಿನ ಮರದ ಹಿಡಿ ಕೂರಿಸಿದಾಗ, ಅಬ್ಬಾ, ನನ್ನ ಠೀವಿ ನೀವು ನೋಡಬೇಕಿತ್ತು!

ನನ್ನನ್ನು ಕೊಂಡವನು ಚೌಡಪ್ಪ ಮೇಸ್ತ್ರಿ. ಬಾಯಿ ತೆರೆದರೆ ತಮಾಷೆ. ಅವನಿಗೆ ಹದಿನೆಂಟು ವರ್ಷ ಗಾರೆ ಕಲಸಿಕೊಟ್ಟವಳು ಪುಟ್ಟಗೌರಿ. ಅವಳಿಗೆ ನನ್ನ ಮೇಲೆ ಕಣ್ಣು. "ಅಣ್ಣೋ, ಒಂದ್ಸಲ ನನ್ ಕೈಗೂ ಕೊಡಣ್ಣ" ಎನ್ನುತ್ತಿದ್ದಳು. "ಹೋಗೇ, ಗೋಡೇನ ನಿನ್ ಮುದ್ದೆ ಥರ ಉಬ್ಬಿಸ್ತೀಯ!" ಎಂದು ನಗುತ್ತಿದ್ದ.

ಒಂದು ಶಾಲೆಯ ಕಟ್ಟಡದಲ್ಲಿ ಚೌಡಪ್ಪ ನಿಂತಿದ್ದ ಬೊಂಬಿನ ಸಾರುವೆ ಜಾರಿತು. ನಾನು ಮರಳಿಗೆ ಬಿದ್ದೆ, ಒಂದು ಗೀರೂ ಆಗಲಿಲ್ಲ. ಚೌಡಪ್ಪನ ತಲೆ ಕಲ್ಲಿಗೆ ಬಡಿಯಿತು. ತಿಂಗಳು ಆಸ್ಪತ್ರೆಯಲ್ಲಿದ್ದು ಬಂದ. ಹೊಲಿಗೆ ಒಣಗಿತು, ಗಂಡಾಂತರ ಕಳೆಯಿತು ಎಂದರು ಎಲ್ಲರೂ. ಎಲ್ಲಿ ಕಳೆದಿತ್ತು? ಬೆಳಕು ಕಂಡರೆ ತಲೆನೋವು. ಗಾರೆಗೆ ಎಷ್ಟು ಬಾಂಡ್ಲಿ ಮರಳು ಎನ್ನುವುದೇ ಮರೆತುಹೋಯಿತು. ಮೊದಲು ಸಿಡುಕು, ಆಮೇಲೆ ಮೌನ. ನಾನು ಗೋಡೆಯ ಮೊಳೆಗೆ ನೇತುಹಾಕಿದ ಚೀಲದಲ್ಲಿ ಎಂಟು ತಿಂಗಳು ಕಳೆದೆ.

ಒಂದು ಬೆಳಿಗ್ಗೆ ಅವನು ನನ್ನನ್ನು ತೊಳೆದು, ವೀಳ್ಯದೆಲೆಯ ಮೇಲಿಟ್ಟು ಪುಟ್ಟಗೌರಿಯ ಕೈಗೆ ಕೊಟ್ಟ. ಗಾರೆ ಕೆಲಸದವರ ಗುಂಪಿನಲ್ಲಿ ಮೇಸ್ತ್ರಿ ಹೀಗೆ ಕರಣೆ ಕೊಟ್ಟರೆ ಅದು ದೊಡ್ಡ ಮರ್ಯಾದೆ. ಪಡೆದವರು ಸಿಹಿ ಹಂಚಬೇಕು, ಕೊಟ್ಟವರು ಮತ್ತೆ ಕೇಳಬಾರದು. ಹೆಂಗಸೊಬ್ಬಳಿಗೆ ಅದು ಸಿಕ್ಕಿದ್ದು ಅದೇ ಮೊದಲು. ಪುಟ್ಟಗೌರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಬ್ಬರಿ ಮಿಠಾಯಿ ಹಿಡಿದು ಮೊದಲು ಹೋದದ್ದು ಚೌಡಪ್ಪನ ಹೆಂಡತಿ ಕೆಂಪಮ್ಮನ ಬಳಿಗೆ.

"ಓ, ನಿಂಗೂ ಕೊಟ್ರಾ?" ಎಂದಳು ಕೆಂಪಮ್ಮ. "ವಾಚು ನನ್ ತಮ್ಮಂಗೆ ಕೊಟ್ರು, ರೇಡಿಯೊ ಪಕ್ಕದ್ ಮನೇಗೆ. ನಿನ್ನೆಯಿಂದ ಭಾರಿ ಸಮಾಧಾನವಾಗವ್ರೆ ಕಣವ್ವ."

ಪುಟ್ಟಗೌರಿ ಮಿಠಾಯಿ ಅಲ್ಲೇ ಇಟ್ಟಳು. ಸೀದಾ ಹಿತ್ತಲಿಗೆ ನಡೆದು ಅವನ ಪಕ್ಕ ಕುಳಿತಳು. "ಅಣ್ಣ, ಇರೋದೆಲ್ಲ ಹಂಚ್ತಾ ಇದೀಯ. ಸಾಯೋ ಯೋಚ್ನೆ ಏನಾರ ಬಂದೈತಾ?"

ನಾನು ಬೆಚ್ಚಿಬಿದ್ದೆ. ಯಾರಾದರೂ ಹೀಗೆ ಕೇಳುತ್ತಾರೆಯೇ! ಆದರೆ ಚೌಡಪ್ಪ ಮುಖ ಮುಚ್ಚಿಕೊಂಡು ಬಿಕ್ಕಿದ. "ಹೂಂ ಕಣವ್ವ. ಈ ತಲೆ ನಂದಲ್ಲ ಅನ್ಸುತ್ತೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಆಮೇಲೆ ಪುಟ್ಟಗೌರಿ, ಕೆಂಪಮ್ಮ ಅವನನ್ನು ಒಂಟಿ ಬಿಡಲಿಲ್ಲ. ಆ ಮಧ್ಯಾಹ್ನವೇ ಆಟೋದಲ್ಲಿ ಮೂವರೂ ಆಸ್ಪತ್ರೆಗೆ ಹೋದರು, ಪುಟ್ಟಗೌರಿಯ ಸೊಂಟದಲ್ಲಿ ನಾನೂ ಇದ್ದೆ. "ತಲೆಗೆ ಪೆಟ್ಟು ಬಿದ್ದ ಎಷ್ಟೋ ಜನಕ್ಕೆ ಹೀಗಾಗುತ್ತೆ, ತಿಂಗಳುಗಟ್ಟಲೆ ಆದ್ಮೇಲೂ," ಎಂದರು ಡಾಕ್ಟರಮ್ಮ. "ನೀವು ಹೇಡಿ ಅಲ್ಲ ಚೌಡಪ್ಪ. ಇದಕ್ಕೆ ಚಿಕಿತ್ಸೆ ಇದೆ."

ಮಾತ್ರೆ, ವಾರಕ್ಕೊಮ್ಮೆ ಮಾತುಕತೆ. ಬೇಗ ಗುಣವಾಯಿತು ಎಂದರೆ ಸುಳ್ಳಾದೀತು. ಕೆಲವು ವಾರ ಅವನು ಹಾಸಿಗೆಯಿಂದ ಏಳಲೇ ಇಲ್ಲ, ಪಕ್ಕದಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಎದ್ದ ದಿನ ಪುಟ್ಟಗೌರಿ ಅವನನ್ನು ಕೆಲಸದ ಜಾಗಕ್ಕೆ ಕರೆದೊಯ್ದು ನೆರಳಲ್ಲಿ ಕುರ್ಚಿ ಹಾಕುತ್ತಿದ್ದಳು. ಅವನು ಸುಮ್ಮನೆ ನೋಡುತ್ತಿದ್ದ. ಅವಳ ಕೈಯಲ್ಲಿ ನಾನು ಪಟ್ಟ ಪಾಡು ದೇವರಿಗೇ ಗೊತ್ತು.

ಒಂದು ದಿನ ಅವಳು ಮೂಲೆಯನ್ನು ಸೊಟ್ಟಗೆ ಎಳೆದಳು. ಕುರ್ಚಿ ಸರಿದ ಸದ್ದಾಯಿತು. "ಥೂ ನಿನ್ನ! ಕೊಡೇ ಇಲ್ಲಿ ನನ್ ಕರಣೇನ!"

ಕೆಲಸದವರೆಲ್ಲ ಕೈ ನಿಲ್ಲಿಸಿದರು. ಕೊಟ್ಟ ಕರಣೆಯನ್ನು ಯಾರೂ ಕೇಳಿದ್ದಿಲ್ಲ.

"ಬೇಕಾ ನಿಂಗೆ? ಬಾಯ್ಬಿಟ್ಟು ಹೇಳು," ಎಂದಳು ಪುಟ್ಟಗೌರಿ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಬೇಕು ಕಣೇ, ಬೇಕು!"

ಅವತ್ತು ಇನ್ನೊಮ್ಮೆ ಕೊಬ್ಬರಿ ಮಿಠಾಯಿ ಹಂಚಿದರು. ಈ ಸಲ ಹಂಚಿದವಳು ಕೆಂಪಮ್ಮ.

ಈಗ ನಾನು ಸವೆದು ಅರ್ಧವಾಗಿದ್ದೇನೆ. ಪುಟ್ಟಗೌರಿಗೆ ಅವಳದೇ ಹೊಸ ಕರಣೆ ಇದೆ, ಮೂಲೆಗಳೂ ನೆಟ್ಟಗಿವೆ. ಚೌಡಪ್ಪನ ಕಿಟಕಿಯಲ್ಲಿ ನನ್ನ ವಾಸ. ಬೆಳಿಗ್ಗೆ ಅವನು ಮಾತ್ರೆ ನುಂಗಿ, ನನ್ನಿಂದ ಕನಕಾಂಬರದ ಬುಡದ ಮಣ್ಣು ಸಡಿಲಿಸುತ್ತಾನೆ. ನಾನು ಮೆತ್ತಿದ ಗೋಡೆಗಳು ಊರ ತುಂಬ ಇವೆ, ಇರಲಿ ಬಿಡಿ. ಕೊಟ್ಟ ಮೇಲೂ ಬೇಕು ಅನ್ನಿಸಿಕೊಂಡ ಕರಣೆ ನಾನೊಂದೇ.